ಅಮ್ಮನ ಸಹಿ, ತಮ್ಮನ ಹೆಬ್ಬೆಟ್ಟು: ಸ್ವಂತ ತೀರ್ಮಾನ ಕಷ್ಟವಾದವರಿಗೆ ಕಾನೂನಿನ ತಯಾರಿ, ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ವಕೀಲೆ ಅಲ್ಲ. ನನ್ನ ತಮ್ಮನಿಗೆ ಬೌದ್ಧಿಕ ಅಂಗವೈಕಲ್ಯ ಇದೆ, ಈಗ 36 ವರ್ಷ. ಅಮ್ಮನಿಗೆ ಐದು ವರ್ಷದಿಂದ ಮರೆವಿನ ಕಾಯಿಲೆ. ಇಬ್ಬರ ಕಾಗದಪತ್ರಕ್ಕೂ ಓಡಾಡಿದವಳು ನಾನೇ. ತಮ್ಮನದು ಸಲೀಸಾಗಿ ಆಯಿತು, ಅಮ್ಮನದು ಆಗಲಿಲ್ಲ. ಯಾಕೆ ಅಂತ ಓದುತ್ತಾ ಹೋದರೆ ಗೊತ್ತಾಗುತ್ತದೆ. ನಮ್ಮ ಪೋಷಕರ ಗುಂಪಿನಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಸಹಿ ಹಾಕುವ ಮೊದಲು ಮಾತ್ರ ಒಬ್ಬ ವಕೀಲರಿಗೆ ತೋರಿಸಿ.

ಮಗನಿಗೆ 18 ತುಂಬಿತು. ನಾವೇ ಅಪ್ಪ ಅಮ್ಮ ಅಲ್ವಾ, ಇನ್ಯಾಕೆ ಗಾರ್ಡಿಯನ್ ಕಾಗದ?

ಎಲ್ಲರೂ ಎಡವುವುದು ಇಲ್ಲೇ. 18 ತುಂಬಿದ ದಿನ ಕಾನೂನಿನ ಕಣ್ಣಿಗೆ ಅವನು ವಯಸ್ಕ. ಅವನ ಬುದ್ಧಿ ಐದು ವರ್ಷದ ಮಗುವಿನಷ್ಟೇ ಇದೆ ಅಂತ ನೀವು ಹೇಳಿದರೂ ನಿಮ್ಮ ಸಹಿ ಅವನ ಸಹಿ ಆಗುವುದಿಲ್ಲ. ಹೆತ್ತವರಾಗಿ ನಿಮಗಿದ್ದ ಅಧಿಕಾರ ಅಲ್ಲಿಗೆ ಮುಗಿಯಿತು. ಅವನ ಹೆಸರಲ್ಲಿ ಹಣ, ಜಮೀನು, ಪಿಂಚಣಿ ಏನಾದರೂ ಇದ್ದರೆ ಅದನ್ನು ನಿಭಾಯಿಸಲು ಹೊಸದಾಗಿ ಅಧಿಕಾರ ಪಡೆಯಬೇಕು. ಮನೆಯಲ್ಲಿ ಎಲ್ಲ ಸರಿ ಇದ್ದಾಗ ಇದು ಯಾರಿಗೂ ತಟ್ಟುವುದಿಲ್ಲ. ಅಪ್ಪ ತೀರಿಕೊಂಡು ಪೌತಿ ಖಾತೆಗೆ, ಅಂದರೆ ಅವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ತಾಲ್ಲೂಕು ಕಚೇರಿಗೆ ಹೋದಾಗ ತಟ್ಟುತ್ತದೆ.

ಯಾರಿಗೆ ಯಾವ ಕಾನೂನು? ಒಂದೊಂದು ಕಡೆ ಒಂದೊಂದು ಹೇಳ್ತಾರೆ.

ನಿಜ, ನಮ್ಮಲ್ಲಿ ಎಲ್ಲರಿಗೂ ಒಂದೇ ಕಾನೂನು ಇಲ್ಲ. ಕಾಯಿಲೆ ಯಾವುದು ಅನ್ನುವುದರ ಮೇಲೆ ದಾರಿ ಬೇರೆಯಾಗುತ್ತದೆ.

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ: ಈ ನಾಲ್ಕಕ್ಕೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ. ನ್ಯಾಷನಲ್ ಟ್ರಸ್ಟ್ ಅಂದರೆ ಇವರಿಗಾಗಿ ಇರುವ ಕೇಂದ್ರ ಸರ್ಕಾರದ ಸಂಸ್ಥೆ. ಕೆಲಸ ಜಿಲ್ಲಾಧಿಕಾರಿಗಳ ಮಟ್ಟದಲ್ಲೇ ಮುಗಿಯುತ್ತದೆ. ಇರುವುದರಲ್ಲಿ ಇದೇ ಸುಲಭದ ದಾರಿ.

ಸ್ಕಿಜೋಫ್ರೇನಿಯಾ, ಬೈಪೋಲಾರ್‌ನಂಥ ಮಾನಸಿಕ ಕಾಯಿಲೆಗೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಆದರೆ ಅದು ಚಿಕಿತ್ಸೆಯ ಕಾಯ್ದೆ. ಆಸ್ತಿಗೆ ಪಾಲಕರನ್ನು (ಗಾರ್ಡಿಯನ್) ನೇಮಿಸುವ ಅಧ್ಯಾಯ 1987ರ ಹಳೆಯ ಕಾಯ್ದೆಯಲ್ಲಿತ್ತು, ಹೊಸದರಲ್ಲಿ ಕೈಬಿಟ್ಟರು. ಆ ಜಾಗ ಇವತ್ತಿಗೂ ಖಾಲಿ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 14ನೇ ಕಲಂ ಸೀಮಿತ ಪಾಲಕತ್ವದ ಮಾತಾಡುತ್ತದೆ. ಅದರ ಬಗ್ಗೆ ಮುಂದೆ ಹೇಳುತ್ತೇನೆ. ಇನ್ನು ಡಿಮೆನ್ಷಿಯಾ ಅಂದರೆ ಮರೆವಿನ ಕಾಯಿಲೆ ಮುಂದುವರಿದವರು, ಕೋಮಾದಲ್ಲಿ ಇರುವವರು. ಇವರಿಗೆ ಹೇಳಿ ಮಾಡಿಸಿದಂಥ ಕಾನೂನೇ ಇಲ್ಲ. ಕೊನೆಗೆ ಹೈಕೋರ್ಟ್ ಬಾಗಿಲು.

ನ್ಯಾಷನಲ್ ಟ್ರಸ್ಟ್ ಅಡಿಯಲ್ಲಿ ಅರ್ಜಿ ಎಲ್ಲಿ ಕೊಡಬೇಕು?

ಪ್ರತಿ ಜಿಲ್ಲೆಯಲ್ಲೂ ಒಂದು ಸ್ಥಳೀಯ ಮಟ್ಟದ ಸಮಿತಿ ಇರುತ್ತದೆ. ಅದರಲ್ಲಿ ಡಿಸಿ, ನ್ಯಾಷನಲ್ ಟ್ರಸ್ಟ್‌ನಲ್ಲಿ ನೋಂದಾಯಿಸಿದ ಸಂಸ್ಥೆಯ ಒಬ್ಬರು, ಅಂಗವೈಕಲ್ಯ ಇರುವ ಒಬ್ಬರು ಇರುತ್ತಾರೆ. ಅಪ್ಪ, ಅಮ್ಮ ಅಥವಾ ಸಂಬಂಧಿಕರು ಅರ್ಜಿ ಹಾಕಬಹುದು. ನ್ಯಾಷನಲ್ ಟ್ರಸ್ಟ್ ಜಾಲತಾಣದಲ್ಲೂ ಹಾಕಬಹುದು. ಆದರೆ ಮೊದಲು ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗಳ ಕಚೇರಿಗೆ ಒಮ್ಮೆ ಹೋಗಿ ಬನ್ನಿ. ಸಮಿತಿ ಸಭೆ ಯಾವಾಗ ಅನ್ನುವುದು ಗೊತ್ತಾಗುವುದು ಅಲ್ಲೇ. ಹಳ್ಳಿಯವರಾದರೆ ಪಂಚಾಯ್ತಿಯಲ್ಲಿ ವಿ.ಆರ್.ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಇರುತ್ತಾರೆ, ಅವರನ್ನು ಹಿಡಿಯಿರಿ. ಅರ್ಧ ಓಡಾಟ ತಪ್ಪುತ್ತದೆ.

ಅಂಗವೈಕಲ್ಯ ಪ್ರಮಾಣಪತ್ರ ಅಥವಾ ಯುಡಿಐಡಿ ಕಾರ್ಡ್ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ), ವಯಸ್ಸಿನ ದಾಖಲೆ, ವಿಳಾಸದ ದಾಖಲೆ, ಫೋಟೋ ಇಟ್ಟುಕೊಳ್ಳಿ. ಒಡಹುಟ್ಟಿದವರು ಅರ್ಜಿ ಹಾಕುವುದಾದರೆ ಉಳಿದವರ ಒಪ್ಪಿಗೆ ಪತ್ರವೂ ಜೊತೆಗಿರಲಿ. ಆಮೇಲೆ ತಕರಾರು ಬರುವುದಿಲ್ಲ.

ಎರಡು ಷರತ್ತು ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಪಾಲಕರು ಭಾರತದ ಪ್ರಜೆ ಆಗಿರಬೇಕು. ಅಮೆರಿಕದ ಪಾಸ್‌ಪೋರ್ಟ್ ತೆಗೆದುಕೊಂಡ ಅಣ್ಣನ ಹೆಸರು ಬರೆದರೆ ನಡೆಯುವುದಿಲ್ಲ. ಹೆಣ್ಣುಮಗಳಿಗೆ ಒಂಟಿ ಗಂಡಸನ್ನು ಪಾಲಕ ಮಾಡುವುದಿಲ್ಲ.

ಆದೇಶ ಸಿಕ್ಕಿತು. ಇನ್ನು ಆರಾಮಾಗಿ ಇರಬಹುದಾ?

ಇಲ್ಲ ಮಾರಾಯ್ರೇ. ನೇಮಕವಾದ ಆರು ತಿಂಗಳೊಳಗೆ ಅವರ ಆಸ್ತಿ, ಸಾಲ, ಬರಬೇಕಾದ ಹಣದ ಪಟ್ಟಿಯನ್ನು ಸಮಿತಿಗೆ ಕೊಡಬೇಕು. ಪ್ರತಿ ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು. ನಾನು ಒಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ. ತಮ್ಮನ ಹಣದಲ್ಲಿ ಏನೇ ತಂದರೂ ರಸೀದಿ ಅಂಟಿಸುತ್ತೇನೆ. ಚಪ್ಪಲಿ ತಂದರೂ ಅಷ್ಟೇ. ಪಾಲಕರು ಅವರನ್ನು ಕಡೆಗಣಿಸಿದರೆ ಅಥವಾ ಆಸ್ತಿ ಹಾಳು ಮಾಡಿದರೆ ದೂರು ಕೊಟ್ಟು ತೆಗೆಸಲೂಬಹುದು.

ಇನ್ನೊಂದು ಮಾತು. ಪಾಲಕತ್ವ ಸಿಕ್ಕಿತು ಅಂತ ಅವನ ಪಾಲಿನ ಸೈಟು ಮಾರಲು ಹೊರಡಬೇಡಿ. ಮನೆ, ಜಮೀನಿನ ವಿಷಯಕ್ಕೆ ಕೈ ಹಾಕುವ ಮುಂಚೆ ವಕೀಲರನ್ನು ಕೇಳಿ, ಬೇಕಾದ ಅನುಮತಿ ಪಡೆದೇ ಹೆಜ್ಜೆ ಇಡಿ.

ಇಂಥ ಮಕ್ಕಳಿಗೆಲ್ಲ ಗಾರ್ಡಿಯನ್ ಬೇಕೇ ಬೇಕಾ?

ಬೇಡ. ಈ ಪ್ರಶ್ನೆ ಕೇಳುವವರು ಕಡಿಮೆ. ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಕಾನೂನು ಶುರುವಾಗುವುದೇ ಎದುರು ದಿಕ್ಕಿನಿಂದ. 2007ರಲ್ಲಿ ಭಾರತ ಒಪ್ಪಿಕೊಂಡ ವಿಶ್ವಸಂಸ್ಥೆಯ ಒಡಂಬಡಿಕೆ ಇದೆ. ಅದರ ಪ್ರಕಾರ ಅಂಗವೈಕಲ್ಯ ಇದ್ದವರಿಗೂ ಉಳಿದವರಷ್ಟೇ ಕಾನೂನಿನ ಹಕ್ಕು. 2016ರ ಕಾಯ್ದೆಯ 13ನೇ ಕಲಂ ಕೂಡ ಇದನ್ನೇ ಹೇಳುತ್ತದೆ. ಹಾಗಾಗಿ ಮೊದಲು ಕೇಳಬೇಕಾದ್ದು ಇವರಿಗೆ ಯಾವ ಸಹಾಯ ಸಿಕ್ಕಿದರೆ ತಾವೇ ತೀರ್ಮಾನ ಮಾಡಿಯಾರು ಅಂತ. ಸಹಾಯ ಕೊಟ್ಟರೂ ಆಗದಿದ್ದಾಗ ಮಾತ್ರ ಸೀಮಿತ ಪಾಲಕತ್ವ. ಅಂದರೆ ಇಂಥ ಒಂದು ವಿಷಯಕ್ಕೆ, ಇಷ್ಟು ಕಾಲಕ್ಕೆ, ಇಬ್ಬರೂ ಕೂತು ಮಾಡುವ ತೀರ್ಮಾನ. ಅವರ ಇಷ್ಟ ಏನು ಅನ್ನುವುದೇ ಅಲ್ಲಿ ಮುಖ್ಯ.

ನನ್ನ ತಮ್ಮನಿಗೆ ಐನೂರರ ನೋಟು, ಇನ್ನೂರರ ನೋಟು ವ್ಯತ್ಯಾಸ ಗೊತ್ತಾಗುವುದಿಲ್ಲ. ಹಾಗಂತ ಅವನಿಗೆ ಏನೂ ಗೊತ್ತಾಗುವುದಿಲ್ಲ ಅಂತಲ್ಲ. ಯಾರ ಮನೆಯಲ್ಲಿ ಎರಡು ದಿನ ಉಳಿಯಬೇಕು, ಯಾರ ಮನೆಯಲ್ಲಿ ಬೇಡ ಅನ್ನುವುದು ಅವನಿಗೆ ಸ್ಪಷ್ಟ. ನಮ್ಮ ಚಿಕ್ಕಪ್ಪನ ಮನೆ ಅಂದರೆ ಬಾಗಿಲಲ್ಲೇ ಕೂತುಬಿಡುತ್ತಾನೆ. ವರ್ಷಗಟ್ಟಲೆ ಅದನ್ನು ಹಟ ಅಂದುಕೊಂಡಿದ್ದೆವು. ಆಮೇಲೆ ಗೊತ್ತಾಯಿತು, ಅಲ್ಲಿ ಅವನನ್ನು ಕೋಣೆಯಲ್ಲಿ ಕೂಡಿ ಹಾಕುತ್ತಿದ್ದರಂತೆ. ಹಣದ ವಿಷಯಕ್ಕೆ ನನ್ನ ಸಹಿ ಇರಲಿ. ಎಲ್ಲಿ ಇರಬೇಕು ಅನ್ನುವುದಕ್ಕೆ ಅವನ ಮಾತೇ ಕೊನೆ.

ಚಿತ್ರ ತೋರಿಸಿ ಕೇಳಿ. ಎರಡೇ ಆಯ್ಕೆ ಕೊಡಿ. ಬೆಳಗ್ಗೆ ಕೇಳಿದ್ದನ್ನೇ ಸಂಜೆ ಇನ್ನೊಮ್ಮೆ ಕೇಳಿ. ಅವರಿಗೆ ಹೊಂದುವ ಜನ ಪಕ್ಕದಲ್ಲಿರಲಿ. ಸಹಾಯ ಅಂದರೆ ಇಷ್ಟೇ, ದೊಡ್ಡ ವಿದ್ಯೆ ಏನಲ್ಲ.

ಅಮ್ಮನಿಗೆ ಮರೆವು ಶುರುವಾಗಿದೆ. ಪವರ್ ಆಫ್ ಅಟಾರ್ನಿ ಮಾಡಿಸಿಕೊಂಡರೆ ಸಾಕಲ್ವಾ?

ನಾವೂ ಹಾಗೇ ಅಂದುಕೊಂಡಿದ್ದೆವು. ಜಿಪಿಎ, ಅಂದರೆ ಅಮ್ಮನ ಪರವಾಗಿ ಎಲ್ಲ ವ್ಯವಹಾರ ನಡೆಸಲು ಅಧಿಕಾರ ಕೊಡುವ ಜನರಲ್ ಪವರ್ ಆಫ್ ಅಟಾರ್ನಿ ಮಾಡಿಸಿ, ನೋಂದಣಿ ಮಾಡಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿ ಇಟ್ಟೆವು. ಎರಡು ವರ್ಷದ ಮೇಲೆ ಅದನ್ನು ಹಿಡಿದು ಒಂದು ಬ್ಯಾಂಕಿಗೆ ಹೋದೆ. ಮ್ಯಾನೇಜರ್ ಒಂದೇ ಪ್ರಶ್ನೆ ಕೇಳಿದರು: "ನಿಮ್ಮ ತಾಯಿಗೆ ಈಗ ಇದು ಅರ್ಥ ಆಗುತ್ತಾ ಮೇಡಂ?" ಇಲ್ಲ ಅಂದೆ. "ಹಾಗಾದರೆ ಇದು ನಡೆಯಲ್ಲ" ಅಂದರು. ಸಿಟ್ಟು ಬಂತು. ಮನೆಗೆ ಬಂದು ನೋಡಿದರೆ ಅವರು ಹೇಳಿದ್ದೇ ಸರಿ.

ಕರಾರು ಕಾಯ್ದೆಯ 201ನೇ ಕಲಂ ಪ್ರಕಾರ ಅಧಿಕಾರ ಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ಅವರ ಪರವಾಗಿ ಕೆಲಸ ಮಾಡುವ ಅಧಿಕಾರವೂ ಮುಗಿಯುತ್ತದೆ. ಯಾವ ಹೊತ್ತಿಗೆ ಕಾಗದ ನಿಜವಾಗಿ ಬೇಕೋ ಆ ಹೊತ್ತಿಗೇ ಅದು ಬರೀ ಕಾಗದ. ನನಗೆ ಕೇಳಿದರೆ ನಮ್ಮ ಕಾನೂನಿನಲ್ಲಿರುವ ದೊಡ್ಡ ತೂತು ಇದೇ.

ಹಾಗಂತ ಜಿಪಿಎ ದಂಡವಲ್ಲ. ಅಮ್ಮನಿಗೆ ಕೈಕಾಲು ಆಡುವುದಿಲ್ಲ, ಬುದ್ಧಿ ಚುರುಕಾಗಿದೆ ಅಂದರೆ ಅದು ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಮರೆವು ಆಗ ತಾನೇ ಶುರುವಾಗಿದ್ದರೆ ಆ ಒಂದೆರಡು ವರ್ಷವನ್ನು ಬಳಸಿಕೊಳ್ಳಿ. ವಿಲ್, ಬ್ಯಾಂಕಿನ ಜಂಟಿ ಖಾತೆ, ನಾಮಿನಿ, ಚಿಕಿತ್ಸೆಯ ಬಗ್ಗೆ ಮುಂಗಡ ಸೂಚನೆ ಎಲ್ಲವನ್ನೂ ಅವರೇ ತಿಳಿದು ಸಹಿ ಹಾಕುವಾಗಲೇ ಮುಗಿಸಿ. ಮರೆವು ಶುರುವಾಗಿದೆ ಅಂದ ಮಾತ್ರಕ್ಕೆ ಸಹಿ ಹಾಕುವ ಹಕ್ಕು ಹೋಗುವುದಿಲ್ಲ. ಏನು ಮಾಡುತ್ತಿದ್ದೇನೆ, ಅದರಿಂದ ಏನಾಗುತ್ತದೆ ಅಂತ ಆ ಹೊತ್ತಿಗೆ ಅರ್ಥವಾದರೆ ಸಾಕು.

ಅಣ್ಣ ಲಂಡನ್‌ನಲ್ಲಿದ್ದಾನೆ. ಅಲ್ಲಿ ಬುದ್ಧಿ ಹೋದ ಮೇಲೂ ನಡೆಯುವ ಪವರ್ ಆಫ್ ಅಟಾರ್ನಿ ಇದೆಯಂತೆ?

ಇದೆ. ಇಂಗ್ಲೆಂಡ್, ವೇಲ್ಸ್‌ನಲ್ಲಿ 2005ರ ಮೆಂಟಲ್ ಕೆಪಾಸಿಟಿ ಕಾಯ್ದೆ ಅಡಿಯಲ್ಲಿ ಲಾಸ್ಟಿಂಗ್ ಪವರ್ ಆಫ್ ಅಟಾರ್ನಿ ಅಂತ ಮಾಡಿಸಬಹುದು. ಹಣಕಾಸಿಗೆ ಒಂದು, ಆರೋಗ್ಯಕ್ಕೆ ಒಂದು. ಅಣ್ಣ ಅಲ್ಲಿನ ತನ್ನ ಮನೆ, ತನ್ನ ಖಾತೆಗೆ ಮಾಡಿಸಿಕೊಳ್ಳಲಿ, ಒಳ್ಳೆಯದೇ. ಆದರೆ ಇಲ್ಲಿರುವ ಅಮ್ಮನ ಆಸ್ತಿಗೆ ಇಲ್ಲಿನ ಕಾನೂನೇ. ಅಣ್ಣ ಅಲ್ಲಿಂದ ನಿಮಗೆ ಮಾಮೂಲಿ ಪವರ್ ಆಫ್ ಅಟಾರ್ನಿ ಕಳಿಸಿದರೆ ಅದು ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಇದನ್ನು ಮರೆತು ಪೇಚಾಡುವವರು ಬಹಳ.

ಮರೆವಿನ ಕಾಯಿಲೆ ಇದ್ದವರ ವಿಲ್ ನಿಲ್ಲುತ್ತಾ?

ನಿಲ್ಲಬಹುದು. ಉತ್ತರಾಧಿಕಾರ ಕಾಯ್ದೆಯ 59ನೇ ಕಲಂ ಪ್ರಕಾರ ಬರೆಯುವ ಹೊತ್ತಿಗೆ ಬುದ್ಧಿ ಸ್ಥಿಮಿತದಲ್ಲಿ ಇರಬೇಕು. ಆಗಾಗ ಸ್ಥಿಮಿತ ತಪ್ಪುವವರು ಕೂಡ ಸರಿ ಇರುವ ಹೊತ್ತಿನಲ್ಲಿ ಬರೆಯಬಹುದು. ಇಬ್ಬರು ಸಾಕ್ಷಿ ಬೇಕು. ಆಸ್ತಿ ಪಡೆಯುವವರು ಸಾಕ್ಷಿ ಆಗದಿರುವುದೇ ಕ್ಷೇಮ. ವಿಲ್‌ಗೆ ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ. ಹಾಸಿಗೆ ಹಿಡಿದಿದ್ದರೆ ಶುಲ್ಕ ಕಟ್ಟಿ ಸಬ್‌ರಿಜಿಸ್ಟ್ರಾರ್‌ರನ್ನು ಮನೆಗೇ ಕರೆಸಬಹುದು. ಅದೇ ದಿನ ಅಥವಾ ಹಿಂದಿನ ದಿನ ವೈದ್ಯರಿಂದ ಒಂದು ಪತ್ರ ಬರೆಸಿ. "ಆರೋಗ್ಯವಾಗಿದ್ದಾರೆ" ಅಂತ ಒಂದು ಸಾಲು ಬರೆದರೆ ಸಾಲದು. ಏನು ಕೇಳಿದರು, ಇವರು ಏನು ಉತ್ತರ ಕೊಟ್ಟರು ಅಂತ ಇರಬೇಕು. ಮುಂದೆ ಕೋರ್ಟಿನಲ್ಲಿ ಜಗಳ ಬಂದರೆ ಈ ಪತ್ರಕ್ಕೇ ಬೆಲೆ.

ಬ್ಯಾಂಕಿನಲ್ಲಿ ಏನು ಮಾಡಬಹುದು?

ಸಹಿ ಮಾಡಲಾಗದಷ್ಟು ವಯಸ್ಸಾದವರು, ಕಾಯಿಲೆಯವರು ಹೆಬ್ಬೆಟ್ಟು ಒತ್ತಬಹುದು. ರಿಸರ್ವ್ ಬ್ಯಾಂಕ್ ನಿಯಮದಂತೆ ಇಬ್ಬರು ಸಾಕ್ಷಿ ಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನವರೇ ಆಗಿರಬೇಕು. ಕೈ ಹೆಬ್ಬೆಟ್ಟು ಆಗದಿದ್ದರೆ ಕಾಲಿನದೂ ನಡೆಯುತ್ತದೆ. ಆದರೆ ಇದು ದೇಹಕ್ಕೆ ಆಗದವರಿಗೆ, ಬುದ್ಧಿಗೆ ಆಗದವರಿಗಲ್ಲ. ಪ್ರಜ್ಞೆ ಇಲ್ಲದ ಅಪ್ಪನ ಬೆರಳಿಗೆ ಶಾಯಿ ಹಚ್ಚುವವರನ್ನು ಆಸ್ಪತ್ರೆ ವಾರ್ಡಿನಲ್ಲೇ ಕಂಡಿದ್ದೇನೆ. ದಯವಿಟ್ಟು ಬೇಡ. ಅದು ಅಪರಾಧ.

ಇಬ್ಬರಲ್ಲಿ ಯಾರು ಬೇಕಾದರೂ ನಡೆಸಬಹುದಾದ ಜಂಟಿ ಖಾತೆಯೇ ಸರಳ ಉಪಾಯ. ನಿಮಗೆ ಪೂರ್ತಿ ನಂಬಿಕೆ ಇದ್ದವರ ಜೊತೆ ಮಾತ್ರ ಮಾಡಿ. ನಾಮಿನಿ ಹಣ ಪಡೆದುಕೊಳ್ಳುವವರು ಅಷ್ಟೇ, ವಾರಸುದಾರರು ಅಲ್ಲ. ಸ್ಥಳೀಯ ಮಟ್ಟದ ಸಮಿತಿ ಕೊಟ್ಟ ಪಾಲಕತ್ವದ ಪ್ರಮಾಣಪತ್ರದ ಮೇಲೆ ಖಾತೆ ತೆರೆಯಬಹುದು ಅಂತ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿದೆ. ಕೌಂಟರಿನವರಿಗೆ ಗೊತ್ತಿಲ್ಲದಿದ್ದರೆ ಜಗಳಕ್ಕೆ ನಿಲ್ಲಬೇಡಿ, ಮ್ಯಾನೇಜರ್ ಹತ್ತಿರ ಲಿಖಿತವಾಗಿ ಉತ್ತರ ಕೇಳಿ.

ಯಾವ ಕಾಗದವನ್ನೂ ಮಾಡಿಸಿರಲಿಲ್ಲ. ಅಪಘಾತವಾಗಿ ಯಜಮಾನರು ಕೋಮಾದಲ್ಲಿದ್ದಾರೆ.

ಸಂವಿಧಾನದ 226ನೇ ವಿಧಿಯ ಅಡಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬೇಕು. ಕಾನೂನಿನಲ್ಲಿ ದಾರಿ ಇಲ್ಲದವರಿಗೆ ಕೋರ್ಟ್ ತಾನೇ ಹಿರಿಯರ ಜಾಗದಲ್ಲಿ ನಿಂತು ಪಾಲಕರನ್ನು ನೇಮಿಸುತ್ತದೆ. 2019ರಲ್ಲಿ ಕೇರಳ ಹೈಕೋರ್ಟ್ ಇದಕ್ಕೆ ಮಾರ್ಗಸೂಚಿ ಹಾಕಿಕೊಟ್ಟಿತು. ಬೇರೆ ರಾಜ್ಯದ ಕೋರ್ಟುಗಳೂ ಇಂಥ ಅರ್ಜಿಗಳನ್ನು ಒಪ್ಪಿವೆ. ಸಾಮಾನ್ಯವಾಗಿ ವೈದ್ಯರ ವರದಿ, ಆಸ್ತಿಯ ವಿವರ, ವಾರಸುದಾರರ ಒಪ್ಪಿಗೆ ಕೇಳುತ್ತಾರೆ. ನಮ್ಮವರಿಗೆ ಬೆಂಗಳೂರು ಪೀಠ, ಧಾರವಾಡ, ಕಲಬುರಗಿ ಪೀಠಗಳಿವೆ, ಊರಿಗೆ ತಕ್ಕ ಹಾಗೆ. ಆಸ್ಪತ್ರೆ ಬಿಲ್ಲು ಬೆಳೆಯುತ್ತಿರುವಾಗ, ಗಂಡನ ಖಾತೆಯಲ್ಲೇ ಹಣವಿದ್ದೂ ಹೆಂಡತಿ ಒಡವೆ ಅಡ ಇಡುವುದು ಯಾಕೆ ಅಂದರೆ ಇದಕ್ಕೇ.

ಅಕ್ಕನಿಗೆ ಬೈಪೋಲಾರ್. ಹುಷಾರಿದ್ದಾಗ ಚೆನ್ನಾಗಿರ್ತಾಳೆ. ಅವಳೇ ಮುಂಚೆ ಬರೆದಿಡಬಹುದಾ?

ಖಂಡಿತ. 2017ರ ಕಾಯ್ದೆ ಕೊಟ್ಟ ಒಳ್ಳೆಯ ವಸ್ತು ಇದು. ಮುಂಗಡ ಸೂಚನೆ ಅಂತಾರೆ. ನನಗೆ ಹೀಗೆ ಚಿಕಿತ್ಸೆ ಕೊಡಿ, ಹೀಗೆ ಕೊಡಬೇಡಿ, ನನ್ನ ಪರವಾಗಿ ಇಂಥವರು ಮಾತಾಡಲಿ ಅಂತ 18 ವರ್ಷ ಮೀರಿದ ಯಾರು ಬೇಕಾದರೂ ಬರೆಯಬಹುದು. ಆ ಪರವಾಗಿ ಮಾತಾಡುವವರೇ ನಾಮನಿರ್ದೇಶಿತ ಪ್ರತಿನಿಧಿ. ಗಂಡನೇ ಆಗಬೇಕು ಅಂತಿಲ್ಲ. ಅಕ್ಕ ಗೆಳತಿಯ ಹೆಸರು ಬರೆದರೂ ಸರಿ. ಮನೆಯವರಿಗೆ ಬೇಜಾರಾಗಬಹುದು, ಆದರೆ ಹಕ್ಕು ಅವಳದು. ತುರ್ತು ಚಿಕಿತ್ಸೆಗೆ ಮಾತ್ರ ಈ ಸೂಚನೆ ಅನ್ವಯಿಸುವುದಿಲ್ಲ. ಈ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆ ಅಂದರೆ ನೆನಪಿನ ಶಕ್ತಿಯ ತೊಂದರೆಯೂ ಸೇರುತ್ತದೆ. ಹಾಗಾಗಿ ಮರೆವು ಶುರುವಾದವರಿಗೂ ಇದು ಉಪಯೋಗ. ನಡುರಾತ್ರಿ ಯಾರನ್ನು ಕೇಳಬೇಕು ಅಂತ ತೋಚದಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ.

ಲಿವಿಂಗ್ ವಿಲ್ ಅಂದರೂ ಅದೇನಾ?

ಅಲ್ಲ, ಅದು ಬೇರೆ. ಗುಣವಾಗುವ ಆಸೆಯೇ ಇಲ್ಲದ ಸ್ಥಿತಿಯಲ್ಲಿ ಯಂತ್ರದ ಮೇಲೆ ಇಡಬೇಡಿ ಅಂತ ಬರೆದಿಡುವುದು. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು, 2023ರಲ್ಲಿ ವಿಧಾನ ಸರಳ ಮಾಡಿತು. ಈಗ ಇಬ್ಬರು ಸಾಕ್ಷಿ, ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಮುಂದೆ ಸಹಿ ಹಾಕಿದರೆ ಸಾಕು. ಮುಂದೆ ಜಾರಿ ಮಾಡುವಾಗ ಎರಡು ವೈದ್ಯರ ಮಂಡಳಿಗಳು ಒಪ್ಪಬೇಕು. ಕರ್ನಾಟಕ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಇದಕ್ಕೆ ಆದೇಶ ಹೊರಡಿಸಿತು.

ನಾವು ಹೋದ ಮೇಲೆ ಇವನ ಗತಿ ಏನು? ಆಸ್ತಿ ಹೇಗೆ ಇಡೋದು?

ಎಲ್ಲರೂ ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆ. ಅವನ ಹೆಸರಿಗೇ ನೇರ ಬರೆದರೆ ಅವನು ನಿಭಾಯಿಸಲಾರ. ಒಡಹುಟ್ಟಿದವರ ಹೆಸರಿಗೆ ಬರೆದು "ನೋಡ್ಕೋ" ಅಂದರೆ ಅದು ಬರೀ ಬಾಯಿ ಮಾತು. ನಾನೇ ಅಕ್ಕ ಆಗಿದ್ದೂ ಹೇಳುತ್ತೇನೆ, ನನ್ನನ್ನೂ ಅಷ್ಟು ನಂಬಬೇಡಿ. ನನಗೂ ವಯಸ್ಸಾಗುತ್ತದೆ, ನನಗೂ ಮಕ್ಕಳಿದ್ದಾರೆ.

ಆಸ್ತಿ ಸ್ವಲ್ಪ ಇರುವವರು 1882ರ ಟ್ರಸ್ಟ್ ಕಾಯ್ದೆ ಪ್ರಕಾರ ಖಾಸಗಿ ಟ್ರಸ್ಟ್ ಮಾಡಬಹುದು. ಮನೆ ಅಥವಾ ಹಣ ಟ್ರಸ್ಟಿನದು, ಅದರ ಉಪಯೋಗ ಅವನಿಗೆ. ಮನೆ, ಜಮೀನು ಇದ್ದರೆ ಪತ್ರ ನೋಂದಣಿ ಆಗಲೇಬೇಕು. ಅದನ್ನು ನಡೆಸುವ ಟ್ರಸ್ಟಿಗಳು ಇಬ್ಬರಿಗಿಂತ ಕಡಿಮೆ ಬೇಡ, ಒಬ್ಬರಾದರೂ ಸಂಬಂಧಿಕರಲ್ಲದವರು ಇರಲಿ. ಅವನ ನಂತರ ಉಳಿದದ್ದು ಯಾರಿಗೆ ಅನ್ನುವುದನ್ನೂ ಬರೆಯಿರಿ. ಉಳಿದದ್ದೆಲ್ಲ ಟ್ರಸ್ಟಿಗಳಿಗೇ ಅಂತ ಬರೆದರೆ ಖರ್ಚು ಮಾಡಲು ಅವರ ಕೈ ಬರುವುದಿಲ್ಲ, ಅಲ್ವಾ?

ಆಸ್ತಿ ಇಲ್ಲದವರಿಗೆ ಪಿಂಚಣಿಯೇ ಆಧಾರ. ನಮ್ಮಪ್ಪ ಅಂಚೆ ಇಲಾಖೆಯಲ್ಲಿದ್ದರು. ಸ್ವಂತ ದುಡಿಮೆ ಸಾಧ್ಯವಿಲ್ಲದ ಅಂಗವಿಕಲ ಮಕ್ಕಳಿಗೆ ಕೇಂದ್ರ ಸರ್ಕಾರಿ ಪಿಂಚಣಿದಾರರ ಕುಟುಂಬ ಪಿಂಚಣಿ ಬದುಕಿರುವವರೆಗೂ ಸಿಗುತ್ತದೆ. ಅಪ್ಪ ಇರುವಾಗಲೇ ಪಿಂಚಣಿ ಆದೇಶದಲ್ಲಿ ಹೆಸರು ಸೇರಿಸಿ. ಅಪ್ಪ ಹೋದ ಮೇಲೆ ಸೇರಿಸಲು ಹೋದರೆ ಹತ್ತು ಮೇಜು ಸುತ್ತಬೇಕು. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಯನ್ನೂ ಬಿಡಬೇಡಿ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಆರೋಗ್ಯದ ಖರ್ಚಿಗೆ ಆಗುತ್ತದೆ.

ಅಜ್ಜಿಯಿಂದ ದಾನಪತ್ರ ಬರೆಸಿಕೊಂಡರು. ಈಗ ಊಟಕ್ಕೂ ಕೇಳೋರಿಲ್ಲ.

ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಂ ಇದಕ್ಕೇ ಇರುವುದು. ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಕೊಟ್ಟಿದ್ದರೆ, ನೋಡಿಕೊಳ್ಳದಿದ್ದರೆ ಆ ಪತ್ರ ರದ್ದಾಗುತ್ತದೆ. ಎಸಿ ಅಂದರೆ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಿ, ಮೇಲ್ಮನವಿ ಡಿಸಿಗೆ. ಆದರೆ ಷರತ್ತು ಪತ್ರದಲ್ಲೇ ಇದೆಯಾ ಅನ್ನುವುದರ ಮೇಲೆ ಎಷ್ಟೋ ಅರ್ಜಿಗಳು ಬಿದ್ದಿವೆ. ಹಾಗಾಗಿ ಇನ್ನೂ ಬರೆಯದವರು "ಪ್ರೀತಿ ವಿಶ್ವಾಸದಿಂದ" ಅನ್ನುವ ಹಳೆಯ ಸಾಲಿನ ಕೆಳಗೆ ಊಟ, ಔಷಧಿ, ವಾಸದ ಷರತ್ತನ್ನು ಬಿಡಿಸಿ ಬರೆಸಿ. ಇದಕ್ಕಿಂತ ವಿಲ್ ವಾಸಿ, ಬದುಕಿರುವವರೆಗೆ ಆಸ್ತಿ ಕೈಯಲ್ಲೇ ಇರುತ್ತದೆ. ಹಿರಿಯರ ಸಹಾಯವಾಣಿ 14567.

ಮಗಳಿಗೆ ಮುಟ್ಟಿನ ದಿನ ನಿಭಾಯಿಸೋದು ಕಷ್ಟ. ಗರ್ಭಕೋಶ ತೆಗೆಸಿಬಿಡಿ ಅಂತಾರೆ.

ಬೇಡ. ಮಕ್ಕಳಾಗದ ಹಾಗೆ ಮಾಡುವ ಯಾವ ಚಿಕಿತ್ಸೆಯನ್ನೂ ಅವಳು ತಿಳಿದು ಒಪ್ಪದೆ ಮಾಡುವ ಹಾಗಿಲ್ಲ. 2016ರ ಕಾಯ್ದೆಯ 10ನೇ ಕಲಂ ಓದಿ. ನೀವು ಪಾಲಕರು ಅನ್ನುವುದು ಇಲ್ಲಿ ನಡೆಯುವುದಿಲ್ಲ. ಮುಟ್ಟಿನ ಬಟ್ಟೆ ಬದಲಿಸುವುದನ್ನು ಗೊಂಬೆ ಇಟ್ಟು, ಚಿತ್ರ ತೋರಿಸಿ ಕಲಿಸಬಹುದು. ನಮ್ಮ ಗುಂಪಿನ ಮೂವರು ತಾಯಂದಿರು ಕಲಿಸಿದ್ದಾರೆ, ಆರೇಳು ತಿಂಗಳು ಹಿಡಿಯಿತು.

ವೋಟು ಹಾಕಬಹುದಾ?

ಹಾಕಬಹುದು. ಬುದ್ಧಿ ಸ್ಥಿಮಿತ ಇಲ್ಲ ಅಂತ ಕೋರ್ಟ್ ಘೋಷಿಸಿದ್ದರೆ ಮಾತ್ರ ಆಗುವುದಿಲ್ಲ. ವೈದ್ಯರ ಚೀಟಿಯಿಂದ ವೋಟು ಹೋಗುವುದಿಲ್ಲ. ನನ್ನ ತಮ್ಮ ಬೆರಳಿನ ಶಾಯಿಯನ್ನು ಒಂದು ವಾರ ಎಲ್ಲರಿಗೂ ತೋರಿಸುತ್ತಾನೆ.

ವಕೀಲರಿಗೆ ಕೊಡಲು ದುಡ್ಡಿಲ್ಲ.

ಅಂಗವೈಕಲ್ಯ ಇರುವವರಿಗೆ, ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಇದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇರುತ್ತದೆ. ಫೋನು 15100.

ಫೈಲಿನಲ್ಲಿ ಏನೇನು ಇಟ್ಟಿದ್ದೀರಿ?

ಯುಡಿಐಡಿ, ಪಾಲಕತ್ವದ ಆದೇಶ, ಬ್ಯಾಂಕ್ ಪುಸ್ತಕ, ಪಿಂಚಣಿ ಆದೇಶದ ಪ್ರತಿ, ಪಹಣಿ, ವಿಲ್ ಎಲ್ಲಿದೆ ಅನ್ನುವ ಚೀಟಿ, ಮಾತ್ರೆಗಳ ಪಟ್ಟಿ. ಇದರ ಜೊತೆ ಇನ್ನೊಂದು ಸಣ್ಣ ಪುಸ್ತಕ. ಅದಕ್ಕೆ ಯಾವ ಕಚೇರಿಯ ಮುದ್ರೆಯೂ ಇಲ್ಲ. ನಾಳೆ ನಾನು ಇಲ್ಲದಿದ್ದರೆ ಇವನನ್ನು ನೋಡಿಕೊಳ್ಳುವವರಿಗೆ ಅಂತ ಬರೆದದ್ದು. ಮಿಕ್ಸಿ ಸದ್ದಿಗೆ ಹೆದರುತ್ತಾನೆ, ಹಾಕುವ ಮುಂಚೆ ಹೇಳಿ. ಹೊಟ್ಟೆ ನೋವು ಬಂದರೆ ಹೇಳುವುದಿಲ್ಲ, ಕಿವಿ ಹಿಡಿದುಕೊಳ್ಳುತ್ತಾನೆ. ಮೊಸರನ್ನ ತಟ್ಟೆಗೆ ಬೇಡ, ಬಟ್ಟಲಿಗೆ ಹಾಕಿ.